ಇಪ್ಪತ್ತೇಳೂ ನಲವತ್ತೊಂದೂ

ಸುರಬಾಯದ ವೈರಾಣು ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದ ಡಾಕ್ಟರ್ ಪೋನಿಯೆಮ್, ಹುಟ್ಟಿದಾಗ ಕುಸುಮಾನಿಂಗ್ರುಮ್. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಿಡದೆ ಕಾಡಿದಾಗ, ಹೆಸರು ಮಗುವಿಗೆ ಭಾರವಾಯಿತೆಂದು ಅಜ್ಜಿ ಅದನ್ನು ಕಿತ್ತೆಸೆದು, ಹುಟ್ಟಿದ ಸಂತೆಯ ದಿನದ ಮೇಲೆ ಪೋನಿಯೆಮ್ ಎಂಬ ಹಗುರ ಹೆಸರಿಟ್ಟಳು. ಜಾವಾದ ಯಾವ ಹಳ್ಳಿಯಲ್ಲಿ ಕೇಳಿದರೂ ಇಂಥ ಕಥೆ ಇರುತ್ತದೆ. ಹಳೆಯ ಹೆಸರನ್ನು ಆಮೇಲೆ ಬಾಯಿಗೆ ತರುವಂತಿಲ್ಲ, ತಂದರೆ ಕಾಯಿಲೆ ವಾಪಸು ಬಂದೀತು. ತನಗೇ ಆದ ಈ ಸಂಗತಿಯನ್ನು ಪುಣ್ಯಾತ್ಗಿತ್ತಿ ಬೇಕಾದ ಹೊತ್ತಿಗೆ ಮರೆತುಬಿಟ್ಟಳು.

ಅವಳು ಬರೆದದ್ದು ಮೂವತ್ತೊಂದು ಲೇಖನ. ಮೂವತ್ತನ್ನು ಅಚ್ಚು ತಿದ್ದಿದವರು ಬಿಟ್ಟರೆ ಯಾರೂ ಓದಿರಲಾರರು. ಕೈಹಿಡಿದದ್ದು ಒಂದೇ. ಜ್ವರದ ಎರಡನೆಯ ದಿನ ಬೆರಳಿನ ರಕ್ತದಲ್ಲಿ ಡೆಂಗಿ ಕಾಣದಿದ್ದರೆ ಮಗುವನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸಬಹುದು ಎಂದು ಅದರಲ್ಲಿತ್ತು. ಹಾಸಿಗೆ ಸಾಲದ ಆಸ್ಪತ್ರೆಗಳಿಗೆ ಇದಕ್ಕಿಂತ ಸಿಹಿ ಮಾತುಂಟೆ? ಹತ್ತು ವರ್ಷದಲ್ಲಿ ಮುನ್ನೂರ ಎಂಬತ್ತು ಲೇಖನಗಳು ಅದನ್ನು ಆಧಾರವೆಂದು ಉಲ್ಲೇಖಿಸಿದವು. ಅವಳ ಪ್ರೊಫೆಸರ್ ಪದವಿಯ ಅರ್ಜಿ ನಿಂತದ್ದೇ ಆ ಸಂಖ್ಯೆಯ ಮೇಲೆ.

ಅರ್ಜಿಗೆ ಇನ್ನೊಂದು ಲೇಖನ ಸೇರಲಿ ಎಂದು, ಹತ್ತು ವರ್ಷದ ಹಿಂದೆ ಆ ಲೇಖನಕ್ಕಾಗಿ ಪರೀಕ್ಷಿಸಿದ್ದ ಮಕ್ಕಳ ರಕ್ತವನ್ನು ಮತ್ತೆ ತೆಗೆಯಲು ತುಲುಂಗಾಗುಂಗ್ ಕಡೆಯ ಹಳ್ಳಿಗೆ ಹೋದಳು. ಕಡತದಲ್ಲಿ ಇಪ್ಪತ್ತೇಳನೆಯವನು ವಿಸ್ನುಬ್ರಾತಾ. ಪರೀಕ್ಷೆಯಲ್ಲಿ ಡೆಂಗಿ ಇಲ್ಲ, ವಾರದ ನಂತರ ಮನೆಯಲ್ಲಿ ಸಿಗಲಿಲ್ಲ, ಆದ್ದರಿಂದ ಗುಣವಾಗಿದೆ. ತಾಯಿ ಲೆಗಿನಾ ಅಂಗಳದಲ್ಲಿ ಮರಗೆಣಸಿನ ಹಪ್ಪಳ ಒಣಹಾಕುತ್ತಿದ್ದಳು. ಮಗನ ಹೆಸರು ಕೇಳಿದ್ದೇ ಅವಳ ಕೈ ನಿಂತಿತು.

"ಆ ಹೆಸರು ಎತ್ಬೇಡಿ ಬು," ಎಂದಳು; ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಎನ್ನುವುದು ಅಲ್ಲಿಯ ಮರ್ಯಾದೆ. ಆಮೇಲೆ ತಾನೇ, "ಇನ್ಮೇಲೆ ಎತ್ತಿದ್ರೆ ಏನಾಗ್ಬೇಕು, ಬಿಡಿ" ಎಂದಳು.

"ಎಲ್ಲಿದಾನಮ್ಮ? ಕೆಲಸಕ್ಕೆ ಹೋಗಿದಾನಾ?"

"ನಿಮ್ಮ ಕಾಗದದಲ್ಲಿ ಏನಂತಿದೆ?"

"ಗುಣವಾಗಿದೆ ಅಂತ."

"ಹೌದಾ? ಬನ್ನಿ, ನೀವೇ ನೋಡೋರಂತೆ."

ದೇವಕಣಗಿಲೆ ಮರದಡಿಯ ಸಣ್ಣ ಗೋರಿಯ ಮೇಲೆ ಸ್ಲಾಮೆತ್, ಎಂದರೆ ಕ್ಷೇಮ, ಎಂದು ಹೆಸರು ಬರೆದಿತ್ತು.

"ಏನಿಲ್ಲ ಅಂತ ನೀವು ಕಳಿಸಿದ್ರಿ. ಜ್ವರ ಏರ್ತಾನೇ ಹೋಯ್ತು, ಹೆಸರು ಬದಲಾಯಿಸಿದ್ವಿ. ಮೂಗಲ್ಲಿ ರಕ್ತ ಬಂತು. ಆಸ್ಪತ್ರೇಲಿ ಹೊಸ ಹೆಸರೇ ಬರೆಸಿದ್ವಿ. ನಾನು ಬಟ್ಟೆಗೆ ಅಂತ ಮನೆಗೆ ಬಂದಾಗ ನಿಮ್ಮ ನರ್ಸಮ್ಮ ಬಂದು ಹಳೇ ಹೆಸರು ಕೂಗಿದ್ರು. ಅಂಥೋರು ಇಲ್ಲಿ ಯಾರೂ ಇಲ್ಲ ಅಂದೆ. ಆಗಿನ್ನೂ ಅವನಿಗೆ ಉಸಿರಿತ್ತಲ್ಲ ಬು, ಹೆಂಗೆ ಹೂಂ ಅನ್ಲಿ?"

ಪೋನಿಯೆಮ್ ಕಡತ ಮಗುಚಿದಳು. ನಲವತ್ತೊಂದು: ಸ್ಲಾಮೆತ್, ಜ್ವರದ ಐದನೆಯ ದಿನ ದಾಖಲು, ಡೆಂಗಿ ಖಚಿತ, ಸಾವು. ಅಯ್ಯೋ ದೇವರೇ, ಗುಣವಾದವನೂ ಅವನೇ, ಸತ್ತವನೂ ಅವನೇ! ಮನೆಮನೆ ಸುತ್ತಿದಾಗ, ಎರಡು ಸಲ ಎಣಿಸಿದ ಮಕ್ಕಳು ಒಂಬತ್ತು ಸಿಕ್ಕವು. ನಾಲ್ಕು ಮಣ್ಣಿನಲ್ಲಿದ್ದವು.

ವಿಭಾಗದ ಮುಖ್ಯಸ್ಥ ಪಾಕ್ ಹಾರ್ದೊಯೊ ಕೇಳಿದವನೇ ಎದ್ದು ಬಾಗಿಲು ಹಾಕಿದ.

"ತಲೆ ಕೆಟ್ಟಿದೆಯಾ ಬು? ಅದೊಂದನ್ನ ವಾಪಸ್ ತಗೊಂಡ್ರೆ ನಿಮ್ಮ ಕೈಗೆ ಚಿಪ್ಪೇ ಗತಿ."

"ಇವತ್ತಿಗೂ ಮಕ್ಕಳನ್ನ ಮನೆಗೆ ಕಳಿಸ್ತಿದಾರೆ ಪಾಕ್."

"ಅದರಲ್ಲಿ ನನ್ನ ಹೆಸರೂ ಇದೆ, ನೆನಪಿರಲಿ."

"ಇದೆ. ಒಂದು ಸಲನಾದ್ರೂ ಓದಿದ್ರಾ?"

ಹಾರ್ದೊಯೊ ಆ ದಿನದಿಂದ ಅವಳೊಡನೆ ಮಾತು ಬಿಟ್ಟ. ಅವಳು ಲೇಖನ ಅಚ್ಚಾಗಿದ್ದ ಪತ್ರಿಕೆಗೆ, ಅದನ್ನು ಹಿಂತೆಗೆಯಿರಿ ಎಂದು ಬರೆದಳು. ಒಂದೂವರೆ ವರ್ಷ ಸತಾಯಿಸಿ, ಲೇಖನದ ನೆತ್ತಿಯ ಮೇಲೆ 'ಹಿಂತೆಗೆಯಲಾಗಿದೆ' ಎಂದು ಕೆಂಪಕ್ಷರದಲ್ಲಿ ಹಾಕಿದರು. ಪದವಿ ಕೈತಪ್ಪಿತು. ಅದಕ್ಕೆ ಅವಳು ಅಳಲಿಲ್ಲ. ಅತ್ತದ್ದು ಉಲ್ಲೇಖಗಳ ಸಂಖ್ಯೆ ನೋಡಿ. ಅದು ಏರುತ್ತಲೇ ಇತ್ತು! ಒಬ್ಬರದನ್ನು ನೋಡಿ ಇನ್ನೊಬ್ಬರು ಇಳಿಸಿಕೊಳ್ಳುತ್ತಿದ್ದರೇ ಹೊರತು, ಮೂಲವನ್ನು ತೆರೆಯುವ ಗೋಜಿಗೆ ಯಾವನೂ ಹೋಗಲಿಲ್ಲ. ಒಬ್ಬೊಬ್ಬರಿಗೂ ಕಾಗದ ಬರೆದಳು. ಬಂದ ಉತ್ತರ ಹನ್ನೊಂದು.

ಕಳೆದ ಮಳೆಗಾಲದಲ್ಲಿ ಕೆದಿರಿ ಕಡೆಯ ಒಂದು ಚಿಕಿತ್ಸಾಲಯದಲ್ಲಿ ಅವಳು ಯಾವುದೋ ಕೆಲಸಕ್ಕೆ ಕೂತಿದ್ದಾಗ, ಎಳೆಯ ವೈದ್ಯನೊಬ್ಬ ಒಬ್ಬ ತಾಯಿಗೆ, "ಏನೂ ಇಲ್ಲ, ಮಗೂನ ಕರ್ಕೊಂಡ್ ಹೋಗಿ" ಎಂದದ್ದು ಕಿವಿಗೆ ಬಿತ್ತು.

"ಕಳಿಸ್ಬೇಡಿ ಡಾಕ್ಟ್ರೇ!" ಎಂದು ಎದ್ದಳು.

"ಯಾಕೆ ಬು? ನಾನೂರ ಹನ್ನೆರಡು ಕಡೆ ಉಲ್ಲೇಖ ಆಗಿರೋ ಲೇಖನ ಇದೆ. ಅಷ್ಟೂ ಜನ ದಡ್ಡರಾ?"

"ಅದನ್ನ ಬರೆದೋಳು ನಾನೇ. ಅದು ತಪ್ಪು."

ವೈದ್ಯ ನಕ್ಕ. ಅವಳು ಚೀಲ ತಡಕಿ ಗುರುತಿನ ಚೀಟಿ ತೆಗೆದು ಅವನ ಮುಂದೆ ಹಿಡಿಯುವಷ್ಟರಲ್ಲಿ, ತಾಯಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಡನ ಬೈಕು ಹತ್ತಿ ಹೋಗಿಯಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಚೀಟಿ ನೋಡಿ ನಗು ಆರಿದ್ದ ವೈದ್ಯನೂ ಅವಳೂ ಕೂಡಿ, ದಾಖಲೆಯಲ್ಲಿದ್ದ ಮಗುವಿನ ಹೆಸರು ಹಿಡಿದು ಆ ತಾಯಿಯ ಊರೆಲ್ಲ ವಿಚಾರಿಸಿದರು. ಆ ಹೆಸರಿನ ಮಗು ನಮ್ಮೂರಲ್ಲಿ ಇಲ್ಲವೇ ಇಲ್ಲ ಎಂದರು ಎಲ್ಲರೂ.