ಹೊಳೆ ದಾಟಿಸಿದ ನಾಯಿ

ಹನ್ನೊಂದು ದಿನ ಒಂದು ನಾಯಿಗೆ ಗಂಜಿ ಹಾಕುವ ಕೆಲಸ ನನ್ನಿಂದ ಆಗಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಆಪರೇಷನ್‌ಗೆಂದು ಹನ್ನೊಂದು ದಿನಕ್ಕೆ ಮಣಿಪಾಲಕ್ಕೆ ಹೋಗುವಾಗ ಅಕ್ಕ ತನ್ನ ನಾಯಿಯನ್ನು ಕಾಪುವಿನ ನನ್ನ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಅವಳು ನನ್ನಲ್ಲಿ ಜೀವಮಾನದಲ್ಲಿ ಕೇಳಿದ ಸಹಾಯ ಅದೊಂದೇ. ಮೂರು ದಿನ ಗಂಜಿ ಹಾಕಿದೆ. ನಾಲ್ಕನೇ ದಿನ ಮನೆಯಲ್ಲಿ ನಾಯಿ ಇರಲಿಲ್ಲ.

ಈಗ ಅಕ್ಕ ಮತ್ತೆ ಮಣಿಪಾಲದಲ್ಲಿದ್ದಾಳೆ. ಈ ಸಲ ಹರ್ನಿಯಾ. ನಾನು ಕಾರ್ಕಳದ ಹತ್ತಿರ ಅವಳ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸುತ್ತ ಐದು ಮುದಿ ನಾಯಿಗಳು. ಅಂಗಳದಲ್ಲಿ ನನ್ನ ರಿಕ್ಷಾ. ಅದರ ಕೀ ಮಾತ್ರ ನನ್ನ ಹತ್ತಿರ ಇಲ್ಲ. ಅದು ಆಸ್ಪತ್ರೆಯಲ್ಲಿ, ಅಕ್ಕನ ಪರ್ಸಿನಲ್ಲಿ ಉಂಟು.

ಯಾಕೆ ಎಂದು ಹೇಳುತ್ತೇನೆ. (ಪ್ರತಿ ವಾರ ಈ ಅಂಕಣದಲ್ಲಿ ಪ್ಯಾಸೆಂಜರುಗಳ ಎಡವಟ್ಟು ಬರೆದು ನಿಮ್ಮನ್ನು ನಗಿಸುತ್ತೇನೆ. ಈ ವಾರ ಡ್ರೈವರನ ಸರದಿ.)

ನಮ್ಮ ಕಡೆ ಒಂದು ಪದ್ಧತಿ ಉಂಟು. ಹೊಳೆ ದಾಟಿಸುವುದು. ಬೇಡದ ಬೆಕ್ಕು, ಹೆಣ್ಣು ನಾಯಿಮರಿ, ಮುದಿ ನಾಯಿ, ಯಾವುದೇ ಇರಲಿ, ಗೋಣಿಯಲ್ಲಿ ಹಾಕಿ ಹೊಳೆಯ ಆಚೆ ಬಿಟ್ಟು ಬರುವುದು. ನೀರು ದಾಟಿದರೆ ವಾಸನೆ ತಪ್ಪುತ್ತದೆ, ಮನೆಯ ದಾರಿ ಸಿಕ್ಕುವುದಿಲ್ಲ ಎಂದು ಹಿರಿಯರ ನಂಬಿಕೆ. ಬಿಡುವುದು ಮೀನು ಮಾರುವ ಜಾಗದ ಹತ್ತಿರ. ಮೀನಿನ ತಲೆಯೋ ಕರುಳೋ ಎಂತಾದರೂ ಸಿಗುತ್ತದಲ್ಲ? ಕೊಂದ ಪಾಪ ಬರುವುದಿಲ್ಲ, ಉಪವಾಸ ಕೆಡವಿದ ಪಾಪವೂ ಬರುವುದಿಲ್ಲ. ಮುಂದಿನದ್ದನ್ನು ಆಚೆ ದಡದವರು ನೋಡಿಕೊಳ್ಳುತ್ತಾರೆ. (ಆಚೆ ದಡದವರು ತಮ್ಮದನ್ನು ಈಚೆ ತಂದು ಬಿಡುತ್ತಾರೆ. ಅದು ಬೇರೆ ಮಾತು.)

ನಾನು ಕಾಪು ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಿಕ್ಷಾ ಓಡಿಸುವವ. ಇಂಥ ಬಾಡಿಗೆ ಎಷ್ಟು ಹೋಗಿದ್ದೇನೋ ನೆನಪಿಲ್ಲ. ಹೆಜಮಾಡಿ ಸೇತುವೆ ದಾಟಿದರೆ ಜಿಲ್ಲೆಯೇ ಬೇರೆ. ಮತ್ತೆ ನಾಯಿ ಎಲ್ಲಿಂದ ವಾಪಸು ಬರುತ್ತದೆ? ಗೋಣಿ ಹಿಡಿದು ಹತ್ತಿದವರಲ್ಲಿ ಕೆಟ್ಟವರು ಎಂದು ಯಾರೂ ಇರಲಿಲ್ಲ. ಟೀಚರು, ಅಂಗಡಿಯವರು, ಬೋಟಿನವರು. ಹತ್ತುವಾಗ “ನಮ್ಮ ಟಾಮಿಗೆ ಪ್ರಾಯ ಆಯಿತು ಮಾರಾಯ” ಎನ್ನುತ್ತಾರೆ. ಸೇತುವೆ ಹತ್ತಿರ ಬರುವಾಗ ಟಾಮಿ ಎನ್ನುವ ಹೆಸರು ಬಾಯಿಗೆ ಬರುವುದಿಲ್ಲ. “ಇಲ್ಲೇ ಎಲ್ಲಾದರೂ ಬಿಡುವ, ಅಲ್ವಾ?” ಎನ್ನುತ್ತಾರೆ. ನಾನು ಬ್ರೇಕ್ ಹಾಕುತ್ತೇನೆ.

ಒಂದು ನಾಯಿಯನ್ನು ಬಿಡುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿದ್ದದ್ದೇ ತೊಂದರೆಯಾಯಿತು.

ಅಕ್ಕನ ನಾಯಿಯ ಹೆಸರು ಬೊಗ್ಗು. ಭಾವ ತೀರಿಕೊಂಡ ವರ್ಷ ನೀರಿನ ತೋಡಿನ ಬದಿಯಲ್ಲಿ ಸಿಕ್ಕಿದ ಮರಿ. ಅಕ್ಕನಿಗೆ ಮಕ್ಕಳಿಲ್ಲ. ಹದಿನಾಲ್ಕು ವರ್ಷ ಅವಳು ಬೀಡಿ ಕಟ್ಟುವಾಗ ಮೊರದ ಪಕ್ಕ ಮಲಗಿದ್ದವನು ಅವನೇ. ಹೊಗೆಸೊಪ್ಪಿನ ಘಾಟಿಗೆ ಇಬ್ಬರೂ ಸೀನುತ್ತಿದ್ದರು.

ನನ್ನ ಮನೆಗೆ ಬರುವಾಗ ಅವನಿಗೆ ಎರಡೂ ಕಣ್ಣು ಹೋಗಿತ್ತು. ಹಿಂಗಾಲು ಸೋತಿತ್ತು. ಎತ್ತಿ ನಿಲ್ಲಿಸಿದರೆ ನಾಲ್ಕು ಹೆಜ್ಜೆ, ಅಷ್ಟೆ.

“ಗಂಜಿ ತೆಳ್ಳಗೆ ಇರಲಿ. ಬೂತಾಯಿ ಮೀನಿನ ಮುಳ್ಳು ತೆಗೆದು ಹಾಕು. ಮುಟ್ಟುವ ಮೊದಲು ಹೆಸರು ಹಿಡಿದು ಕರಿ ದಿನೇಶ, ಇಲ್ಲದಿದ್ದರೆ ಹೆದರುತ್ತಾನೆ” ಎಂದಿದ್ದಳು ಅಕ್ಕ.

“ನೀನು ಹೋಗಿ ಬಾ. ನಾನು ಇದ್ದೇನಲ್ಲ” ಎಂದೆ ನಾನು.

ಮೊದಲ ದಿನ ಜಗಲಿಯಲ್ಲಿ ಉಚ್ಚೆ. ಎರಡನೇ ದಿನ ಎಲ್ಲವೂ. ಮೂರನೇ ದಿನ ಇಡೀ ಹೊತ್ತು ಅಳು. ನೋವಿಗೋ, ಅಕ್ಕನ ನೆನಪಿಗೋ, ಕೇಳಿ ತಿಳಿಯುವ ತಾಳ್ಮೆ ನನ್ನಲ್ಲಿ ಇರಲಿಲ್ಲ. ಮನೆಯಲ್ಲಿ ಯಾರೂ ನನಗೆ ಒತ್ತಾಯ ಮಾಡಲಿಲ್ಲ. ಹೆಂಡತಿಯೇ ಬಕೆಟ್ ತಂದು ತೊಳೆದಳು. ನಾಲ್ಕನೇ ದಿನ ಬೆಳಿಗ್ಗೆ ಅವಳು ರೇಷನ್ ಅಂಗಡಿಗೆ ಹೋದದ್ದನ್ನು ನೋಡಿ ಬೊಗ್ಗುವನ್ನು ಎತ್ತಿ ರಿಕ್ಷಾದಲ್ಲಿ ಕೂರಿಸಿದೆ.

ಗೋಣಿ ಬೇಕಾಗಲಿಲ್ಲ. ರಿಕ್ಷಾದ ಸೀಟಿನ ವಾಸನೆ ಅವನಿಗೆ ಪರಿಚಯ. ಅಕ್ಕ ಅವನನ್ನು ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದದ್ದು ಇದರಲ್ಲೇ. ಬಾಲ ಅಲ್ಲಾಡಿಸಿದ. ಅಕ್ಕನ ಹತ್ತಿರ ಹೋಗುವುದು ಎಂದುಕೊಂಡನೋ ಏನೋ.

ಸೇತುವೆ ದಾಟಿ, ಮೀನು ಮಾರುವ ಜಾಗದಲ್ಲಿ ಐಸ್ ಬಾಕ್ಸುಗಳ ಪಕ್ಕ ನೆರಳು ನೋಡಿ ಕೂರಿಸಿದೆ. ಅಲ್ಲಿ ನಾನು ಮಾಡಿದ ಒಂದು ಕೆಲಸ ಇವತ್ತಿಗೂ ಮನಸ್ಸಿನಿಂದ ಹೋಗುವುದಿಲ್ಲ. “ಬೊಗ್ಗು, ಇಲ್ಲೇ ಕೂತಿರು. ಈಗ ಬಂದೆ” ಎಂದೆ. ಯಾಕೆ ಹಾಗೆ ಹೇಳಿದೆ? ನಾಯಿಗೆ ಸುಳ್ಳು ಹೇಳುವ ಅಗತ್ಯ ಯಾರಿಗಾದರೂ ಉಂಟಾ?

ಎರಡು ದಿನ ಬಿಟ್ಟು ಆ ಕಡೆಗೇ ಒಂದು ಬಾಡಿಗೆ ಸಿಕ್ಕಿತು. ನಿಲ್ಲಿಸಿ ನೋಡಿದೆ. ಬೊಗ್ಗು ಇರಲಿಲ್ಲ. ಮೀನು ಮಾರುವ ಒಬ್ಬರು ಹೆಂಗಸು ನನ್ನನ್ನೂ ನನ್ನ ರಿಕ್ಷಾವನ್ನೂ ನೋಡಿದರು.

“ಆ ಕುರುಡು ನಾಯಿ ನಿಮ್ಮದಾ?”

“ಅಲ್ಲ. ಸುಮ್ಮನೆ ನೋಡಿದ್ದು.”

“ಕೂತಲ್ಲಿಂದ ಏಳಲಿಲ್ಲ ಮಾರಾಯ್ರೆ. ಮೀನು ಹಾಕಿದೆ, ಮೂಸಲಿಲ್ಲ. ರಿಕ್ಷಾದ ಶಬ್ದ ಕೇಳಿದರೆ ಮಾತ್ರ ತಲೆ ಎತ್ತುತ್ತಿತ್ತು. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಇಲ್ಲ. ಯಾರು ಎಳೆದು ಹಾಕಿದರೋ.”

ಮೀನಿನ ತಲೆ ತಿಂದು ಬದುಕುತ್ತದೆ ಎನ್ನುವ ನಮ್ಮ ನಂಬಿಕೆ ಎಷ್ಟು ಸತ್ಯ ಎಂದು ಇಪ್ಪತ್ತೆರಡು ವರ್ಷದಲ್ಲಿ ನಾನು ತಿರುಗಿ ಹೋಗಿ ನೋಡಿದ್ದು ಅದೊಂದೇ ಸಲ.

ಡಿಸ್‌ಚಾರ್ಜ್ ಆಗಿ ನನ್ನ ಮನೆಗೆ ಬಂದ ಅಕ್ಕನಿಗೆ, “ಗೇಟು ತೆರೆದಿತ್ತು. ತಾನಾಗಿ ಹೋದ. ಮುದಿ ನಾಯಿಗಳು ಸಾಯುವಾಗ ಮನೆ ಬಿಟ್ಟು ಹೋಗುತ್ತವೆ ಅಲ್ವಾ?” ಎಂದೆ. ಹೊಲಿಗೆ ಒಣಗದ ಹೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಲೈಟ್‌ಹೌಸಿನವರೆಗೂ ಹೆಸರು ಕರೆಯುತ್ತಾ ಹೋದಳು. ನಾನೂ ಹಿಂದಿನಿಂದ ಕರೆಯುತ್ತಾ ಹೋದೆ. ಹೌದು, ನಾನೂ ಕರೆದೆ.

ವಾಪಸು ಬಂದು ಜಗಲಿಯಲ್ಲಿ ಕೂತು ಹೇಳಿದಳು: “ನನ್ನನ್ನು ಹುಡುಕಿಕೊಂಡು ಹೋಗಿದ್ದಾನೆ. ನಡೆಯಲಿಕ್ಕೆ ಎಲ್ಲಿಂದ ಶಕ್ತಿ ಬಂತೋ.”

ನಾನು ಅಲ್ಲ ಎನ್ನಲಿಲ್ಲ. ನನ್ನ ಸುಳ್ಳಿಗಿಂತ ಅವಳ ನಂಬಿಕೆ ಗಟ್ಟಿ ಇತ್ತು. ಅದರ ಅಡಿಯಲ್ಲಿ ಅಡಗಿ ಕೂತೆ.

ಅಂದಿನಿಂದ ಅಕ್ಕ ಮುದಿ ನಾಯಿಗಳನ್ನು ತರಲು ಶುರು ಮಾಡಿದಳು. ಮರಿ ಬೇಡ, ಪ್ರಾಯದ್ದು ಬೇಡ. “ಅವಕ್ಕೆ ಯಾರಾದರೂ ಸಿಗುತ್ತಾರೆ” ಎನ್ನುತ್ತಾಳೆ. ಅವಳಿಗೆ ಬೇಕಾದದ್ದು ಇನ್ನು ಯಾರಿಗೂ ಬೇಡದ್ದು. ಮಣಿಪಾಲದ ಬಾಡಿಗೆ ಫ್ಲ್ಯಾಟಿನಲ್ಲಿ ಒಂದು ಬ್ಯಾಚಿನ ವಿದ್ಯಾರ್ಥಿಗಳು ಇನ್ನೊಂದು ಬ್ಯಾಚಿಗೆ ಕೊಟ್ಟು, ಕೊನೆಯ ಬ್ಯಾಚು ಮೆಟ್ಟಿಲಲ್ಲಿ ಬಿಟ್ಟು ಹೋದ ಲ್ಯಾಬ್ರಡಾರ್ ಒಂದು. ಹೊಟ್ಟೆಯಲ್ಲಿ ಗಡ್ಡೆ ಇರುವ ಉಡುಪಿಯ ಬೀದಿ ನಾಯಿ ಒಂದು. ಶಿರ್ವದ ದೊಡ್ಡ ಮನೆಯ ಅಲ್ಸೇಷನ್ ಒಂದು. ಆ ಮನೆಯವರು ಬೀಗ ಹಾಕಿ ಗಲ್ಫಿಗೆ ಹೋದವರು ಮೊದಮೊದಲು ಪ್ರತಿ ವಾರ ವಿಡಿಯೋ ಕಾಲ್ ಮಾಡಿ “ಬ್ರೂನೋ, ಬ್ರೂನೋ” ಎಂದು ಅಳುತ್ತಿದ್ದರು. ಬ್ರೂನೋನಿಗೆ ಕಿವಿ ಕೇಳುವುದಿಲ್ಲ. ಅದನ್ನು ಅಕ್ಕ ಅವರಿಗೆ ಇವತ್ತಿನವರೆಗೆ ಹೇಳಿಲ್ಲ. ಪಾಪ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು.

ಅವಳು ಯಾವ ನಾಯಿಯನ್ನೂ ಗುಣ ಮಾಡುವ ಆಸೆ ಇಟ್ಟುಕೊಳ್ಳುವುದಿಲ್ಲ. ಡಾಕ್ಟರು ಬಂದು ನೋವಿಗೆ ಮದ್ದು ಕೊಡುತ್ತಾರೆ. ಉಳಿದದ್ದು ಇವಳ ಕೆಲಸ. ಹಳೆಯ ಸೀರೆ ಮಡಚಿದ ಹಾಸಿಗೆ. ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು. ಎದ್ದು ತಿನ್ನಲಾಗದಿದ್ದರೆ ಗಲ್ಲದ ಅಡಿಗೆ ಕೈ ಕೊಟ್ಟು ಚಮಚದಲ್ಲಿ ಗಂಜಿ. ಕೊನೆಯ ದಿನ ಬಂತೆಂದು ಅವಳಿಗೆ ಹೇಗೋ ತಿಳಿಯುತ್ತದೆ. ಅಂದು ಬೀಡಿ ಕಟ್ಟುವುದಿಲ್ಲ. ಪಕ್ಕದಲ್ಲಿ ಕೂತು ತಲೆಯ ಮೇಲೆ ಕೈ ಇಟ್ಟು, “ನಾನು ಇಲ್ಲೇ ಇದ್ದೇನೆ, ಎಲ್ಲಿಗೂ ಹೋಗುವುದಿಲ್ಲ” ಎಂದು ಹೇಳುತ್ತಾ ಇರುತ್ತಾಳೆ. ಹೋದ ಮೇಲೆ ಹಿತ್ತಿಲಲ್ಲಿ ಹೂತು ಒಂದು ಕೆಂಪು ಕಲ್ಲು ಇಡುತ್ತಾಳೆ.

ಒಂಬತ್ತು ಕಲ್ಲು ಉಂಟು ಈಗ. ಎಲ್ಲ ನಾನೇ ರಿಕ್ಷಾದಲ್ಲಿ ತಂದು ಕೊಟ್ಟದ್ದು. ಮೊದಲ ಕಲ್ಲಿನ ಅಡಿಯಲ್ಲಿ ಏನೂ ಇಲ್ಲ. ಅದು ಬೊಗ್ಗುವಿನದ್ದು.

ಕಲ್ಲು ಮಾತ್ರವಾ? ನಾಯಿಗಳನ್ನೂ ತಂದೆ. ಹೊಳೆ ದಾಟಿಸುವ ಬಾಡಿಗೆ ಬಂದರೆ ದಕ್ಷಿಣಕ್ಕೆ ಹೋಗುವ ಬದಲು ಕಾರ್ಕಳದ ರಸ್ತೆ ಹಿಡಿಯುತ್ತಿದ್ದೆ. ಅಕ್ಕ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಾಳೆ: “ಇವನು ನನ್ನ ತಮ್ಮ. ನಾಯಿಗಳೆಂದರೆ ಜೀವ ಬಿಡುತ್ತಾನೆ.” ಅವರು ತಲೆದೂಗುತ್ತಾರೆ. ನಾನು ರಿಕ್ಷಾದ ಕನ್ನಡಿ ಒರೆಸುತ್ತೇನೆ.

ಹೋದ ಆದಿತ್ಯವಾರ ಬೆಳಿಗ್ಗೆ ಬೂತಾಯಿ ತೆಗೆದುಕೊಂಡು ಅಕ್ಕನ ಮನೆಗೆ ಬಂದೆ. ಇಬ್ಬರೂ ಜಗಲಿಯಲ್ಲಿ ಕೂತು ಬೇಯಿಸಿದ ಮೀನಿನ ಮುಳ್ಳು ಬಿಡಿಸುತ್ತಿದ್ದೆವು. (ನಾವು ಮಾತಾಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ.)

“ಡಾಕ್ಟರು ಎಂತ ಹೇಳಿದರು?” ಎಂದೆ.

“ಆಪರೇಷನ್ ಮುಂದೆ ಹಾಕಬೇಡಿ ಅಂದರು.”

“ಮತ್ತೆ?”

“ಮತ್ತೆ ಎಂತ? ಮುಂದೆ ಹಾಕಿದೆ.”

“ತಮಾಷೆ ಅಲ್ಲ ಅಕ್ಕ. ಒಳಗೆ ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ ಅಂತೆ.”

“ನಾಯಿಗಳನ್ನು ಯಾರು ನೋಡುವುದು? ನಿನ್ನ ಅಜ್ಜನಾ?”

“ನಾನು ನೋಡ್ತೇನೆ. ಒಂದು ವಾರ ಇಲ್ಲೇ ಇರ್ತೇನೆ.”

ಅಕ್ಕ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು.

“ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ ಮಾರಾಯ. ಅವತ್ತೂ ನೀನು ಸರಿಯಾಗಿಯೇ ನೋಡಿದ್ದಿ. ತಪ್ಪು ನನ್ನದು. ನಾನು ಬಿಟ್ಟು ಹೋದೆ, ಅವನು ಹುಡುಕಿಕೊಂಡು ಹೋದ. ಕಣ್ಣು ಕಾಣದವ, ಎಲ್ಲಿ ಬಿದ್ದನೋ, ಯಾರನ್ನು ಕರೆದನೋ. ಇನ್ನೊಂದು ಜೀವಕ್ಕೆ ಹಾಗೆ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ. ಸತ್ತರೆ ಸಾಯ್ತೇನೆ.”

ಆಗ ನನಗೆ ಅರ್ಥವಾಯಿತು. ನಾಲ್ಕು ವರ್ಷದಿಂದ ಅವಳು ಒಂದು ಮದುವೆಗೆ ಹೋಗಿಲ್ಲ. ಒಂದು ರಾತ್ರಿ ಮನೆ ಬಿಟ್ಟಿಲ್ಲ. ನಾನು ಅದನ್ನು ನಾಯಿಗಳ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಅರ್ಧ ಮಾತ್ರ ಪ್ರೀತಿ. ಉಳಿದರ್ಧ ನನ್ನ ಪಾಲಿನ ಶಿಕ್ಷೆ. ಅವಳು ಅನುಭವಿಸುತ್ತಿದ್ದಳು.

ಹೇಳಿದರೆ? ನಾಯಿ ಬಿಟ್ಟು ಬಂದವನ ಕೈಗೆ ಯಾರು ಐದು ನಾಯಿ ಕೊಡುತ್ತಾರೆ? ಆಗಲೂ ಅವಳು ಹೋಗುವುದಿಲ್ಲ. ಹೇಳದಿದ್ದರೂ ಹೋಗುವುದಿಲ್ಲ. ಇಷ್ಟು ಯೋಚಿಸುವಾಗ ಬೆರಳಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗಲಿಲ್ಲ.

ಹೇಳಿದೆ.

ಆಮೇಲೆ ಅವಳು ಎಂತ ಮಾಡಿದಳು ಎಂಬುದನ್ನು ಮೊದಲು ಬರೆದುಬಿಡುತ್ತೇನೆ. ಬೈಯಲಿಲ್ಲ. ಉಳಿದ ಬೂತಾಯಿಯ ಮುಳ್ಳೆಲ್ಲ ಒಂದೊಂದೇ ಬಿಡಿಸಿ ಮುಗಿಸಿದಳು. ನಾಯಿಗಳಿಗೆ ಬಡಿಸಿದಳು. ನನಗೆ ಊಟ ಮಾಡು ಎನ್ನಲಿಲ್ಲ. ನಾನು ಹೊರಟಾಗ ತಿರುಗಿ ನೋಡಲಿಲ್ಲ. ಎರಡು ದಿನ ಫೋನ್ ಎತ್ತಲಿಲ್ಲ.

ಬುಧವಾರ ಅವಳೇ ಮಾಡಿದಳು. “ನಾಳೆ ಅಡ್ಮಿಟ್ ಆಗ್ತೇನೆ. ಬೇಗ ಬಾ.”

ಬಂದೆ. ಪಕ್ಕದ ಮನೆಯ ಹುಡುಗಿಯಿಂದ ಬರೆಸಿದ ಒಂದು ಹಾಳೆ ಕೊಟ್ಟಳು. ಯಾರಿಗೆ ಎಷ್ಟು ಗಂಜಿ, ಯಾವ ಹೊತ್ತಿಗೆ ಮದ್ದು. ಕೊನೆಗೆ, ಮುಟ್ಟುವ ಮೊದಲು ಹೆಸರು ಕರೆಯಬೇಕು ಎಂದು. ಕೆಳಗೆ ಎರಡು ಗೆರೆ ಎಳೆಸಿದ್ದಳು.

ಮತ್ತೆ ಅಂಗೈ ಚಾಚಿದಳು. “ಕೀ.”

“ಎಂತ ಕೀ?”

“ರಿಕ್ಷಾದ್ದು. ಕೊಡು.”

ಕೊಟ್ಟೆ. ಪರ್ಸಿಗೆ ಹಾಕಿ ಜಿಪ್ ಎಳೆದಳು. “ವಾಪಸು ಬಂದ ಮೇಲೆ ಕೊಡ್ತೇನೆ. ಆಗ ಅವನನ್ನು ಬಿಟ್ಟ ಜಾಗ ತೋರಿಸು” ಎಂದು ಆ ಹುಡುಗಿಯ ಜೊತೆ ಬಸ್ಸು ಹತ್ತಿದಳು. ನಂಬಿದ್ದಾಳಾ, ಇಲ್ಲವಾ? ನನಗೂ ಗೊತ್ತಿಲ್ಲ. ಆದರೆ ಹೋದಳು. ನಿನ್ನೆ ಆಪರೇಷನ್ ಆಯಿತು. ಎಚ್ಚರವಾದ ಕೂಡಲೇ ಕೇಳಿದ್ದು ಬ್ರೂನೋ ಮದ್ದು ನುಂಗಿದನಾ ಎಂದು. ನುಂಗಿದ. ಮೂರನೇ ಸಲಕ್ಕೆ.

ನಾನು ಓದಿದ್ದು ಏಳನೇ ಕ್ಲಾಸು. ಅದೂ ಅವಳು ಮೂರಕ್ಕೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತದ್ದರಿಂದ. ಇಷ್ಟು ವಾರ ಇಲ್ಲಿ ಎಷ್ಟೋ ಬರೆದಿದ್ದೇನೆ. ಆದಿತ್ಯವಾರ ಈ ಜಗಲಿಯಲ್ಲಿ ಬಾಯಿಬಿಟ್ಟು ಹೇಳಿದ್ದು ಮಾತ್ರ ನಾಲ್ಕು ವರ್ಷ ತೆಗೆದುಕೊಂಡಿತು. ಅದು ಇಷ್ಟೇ:

“ಅಕ್ಕ, ಬೊಗ್ಗು ನಿನ್ನನ್ನು ಹುಡುಕಿಕೊಂಡು ಹೋಗಲಿಲ್ಲ. ನಾನೇ ಹೊಳೆ ದಾಟಿಸಿ ಬಿಟ್ಟು ಬಂದೆ. ತಪ್ಪಾಯ್ತು.”