ಕೋಟು ಮಾಸ್ತರರು ಹಿಮ ಬೀಳಿಸಿದ್ದು

ಕೋಟು ಮಾಸ್ತರರನ್ನು ಕೇಳಿಕೊಂಡು ಒಮ್ಮೆ ಒಬ್ಬರು ಗ್ಯಾರೇಜಿಗೆ ಬಟ್ಟೆ ಹಿಡಿದುಕೊಂಡು ಬಂದಿದ್ದರು, ಮಗನಿಗೆ ಕೋಟು ಹೊಲಿಸಬೇಕು ಎಂದು. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರಿಗೆ ಕಿತ್ತುಹೋದ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅವರು ಹಾಕುತ್ತಿದ್ದ ಕೋಟೇ ಬೇರೆ. ಕಾರುಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಉಳಿದವರು "ಆಯ್ತು, ಇನ್ನೇನಿಲ್ಲ" ಎಂದು ಕೈ ತೊಳೆದುಕೊಳ್ಳುವ ಹೊತ್ತಿಗೆ ಅವರು ಟ್ಯೂಬ್‌ಲೈಟಿನ ಕೆಳಗೆ ಕತ್ತು ಓರೆ ಮಾಡಿ, ಒಂದು ಕಣ್ಣು ಕಿರಿದು ಮಾಡಿ ನೋಡಿ, "ಇನ್ನೊಂದು ಕೋಟು ಬೇಕು" ಅನ್ನುತ್ತಿದ್ದರು. ಮೂವತ್ತೆಂಟು ವರ್ಷ ಅದನ್ನೇ ಅಂದು ಅಂದು ಆ ಹೆಸರು ಅಂಟಿಕೊಂಡಿತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದರು.

ಕೈ ಅಂದರೆ ಅಂಥ ಕೈ. ನಜ್ಜುಗುಜ್ಜಾದ ಬಾಗಿಲನ್ನು ಸರಿಮಾಡಿ ಕೂರಿಸಿದ ಮೇಲೆ, ಹಳೆಯ ಬಣ್ಣ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಕಾರಿನ ಯಜಮಾನನಿಗೇ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಕೆಲಸ ಕಲಿತ ಕಾಲದಲ್ಲಿ ಮೂಗಿಗೆ ಕಟ್ಟಿಕೊಳ್ಳಲು ಕರ್ಚೀಫು ಬಿಟ್ಟರೆ ಏನೂ ಇರಲಿಲ್ಲ. ಮಾಸ್ಕು ಬಂದ ಮೇಲೂ ಮಾಸ್ತರರು ಅದನ್ನು ಹಾಕಿಕೊಂಡವರಲ್ಲ. ವಾಸನೆ ಸಿಗದಿದ್ದರೆ ಬಣ್ಣ ಹದಕ್ಕೆ ಬಂದಿದೆಯೋ ಇಲ್ಲವೋ ಹೇಗೆ ತಿಳಿಯಬೇಕು ಎಂಬುದು ಅವರ ವಾದ. ಅರವತ್ತೊಂದನೆಯ ವಯಸ್ಸಿಗೆ, ಒಂದು ಡಬ್ಬಿ ಎತ್ತಿಟ್ಟರೂ ಏದುಸಿರು ಬರತೊಡಗಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಸ್ಪ್ರೇ ಗನ್ ಮುಟ್ಟಬಾರದು, ಧೂಳಿನ ಹತ್ತಿರವೂ ಸುಳಿಯಬಾರದು ಎಂದರು. ಮಾಸ್ತರರು ತಲೆಯಾಡಿಸಿದರು.

ತಲೆಯಾಡಿಸಿದರೇ ಹೊರತು ಒಪ್ಪಿರಲಿಲ್ಲ. ಬೆಳಗ್ಗೆ ವಾಕಿಂಗ್ ಎಂದು ಹೊರಟವರು ಉದ್ಯಾನದ ದಾರಿ ಬಿಟ್ಟು ಗ್ಯಾರೇಜಿನ ದಾರಿ ಹಿಡಿಯುತ್ತಿದ್ದರು. ಒಂದು ಬಾನೆಟ್, ಅರ್ಧ ಬಾಗಿಲು, ಕೈ ಚಪಲ ತೀರುವಷ್ಟು ಹೊಡೆದು ಮುಖ ತೊಳೆದು ಬರುವುದು. ಹೆಂಡತಿಗೆ ಗೊತ್ತಾಗಲಿಲ್ಲ. ಬಸ್ ಓಡಿಸುವ ಮಗನಿಗೆ ಮನೆಯಲ್ಲಿರುವುದೇ ಅಪರೂಪ. ಗೊತ್ತಾದದ್ದು ಸೊಸೆಗೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ತಿಂಗಳು ಬರಬೇಕಾದ ಮಾವನ ಇನ್‌ಹೇಲರು ಹದಿನೈದು ದಿನಕ್ಕೆ ಮುಗಿಯುವುದನ್ನು ಕಂಡಳು. ಒಗೆಯಲು ಹಾಕಿದ ಅಂಗಿಯನ್ನು ಮೂಸಿದಳು. ಬಣ್ಣಕ್ಕೆ ಬೆರೆಸುವ ತಿನ್ನರಿನ ವಾಸನೆ.

ಅವಳು ಮಾವನನ್ನು ಕೇಳಲಿಲ್ಲ. ನೇರ ಗ್ಯಾರೇಜಿಗೆ ಹೋಗಿ ಮಾಲೀಕರ ಹತ್ತಿರ ಮಾತಾಡಿ ಬಂದಳು. ಮರುದಿನ ಮಾಸ್ತರರು ಹೋದಾಗ ಮಾಲೀಕರು, "ಮಾಸ್ತರೇ, ನಿಮ್ಮ ಸೊಸೆ ಬಂದಿದ್ರು. ಇನ್ಮೇಲೆ ನಿಮ್ಮ ಕೈಗೆ ಗನ್ ಕೊಡೋಕಾಗಲ್ಲ. ಕೂತ್ಕೊಳ್ಳಿ, ಟೀ ಕುಡ್ಕೊಂಡು ಹೋಗಿ" ಎಂದರು. ಮೆತ್ತಗೇ ಅಂದರು, ಆದರೆ ಎಲ್ಲರ ಎದುರಿಗೆ ಅಂದರು. ಮಾಸ್ತರರ ಕೈಯಲ್ಲಿ ಕೆಲಸ ಕಲಿತ ನಾಲ್ವರು ಅಲ್ಲೇ ಇದ್ದರು. ನಾಲ್ವರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮಾಸ್ತರರು ಟೀ ಕುಡಿಯಲಿಲ್ಲ.

ಅಂದಿನಿಂದ ಅವರು ಸೊಸೆಯ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ, ಬರೀ ಮಾತಿಲ್ಲ. "ಮಾವ, ಊಟಕ್ಕೆ ಬನ್ನಿ" ಎಂದು ಅವಳು ಕರೆದರೆ, "ಬರ್ತೀನಿ ಅಂತ ಹೇಳು" ಎಂದು ಹೆಂಡತಿಗೆ ಹೇಳುವರು. ಸೊಸೆ ಎರಡು ಮಾರು ದೂರದಲ್ಲೇ ನಿಂತಿರುವಳು. "ನಾನೇನು ಈ ಮನೆಗೆ ಅಂಚೆ ಪೆಟ್ಟಿಗೆಯಾ?" ಎಂದು ಹೆಂಡತಿ ಗೊಣಗುತ್ತಲೇ ಅತ್ತಿಂದಿತ್ತ ಮಾತು ಸಾಗಿಸುತ್ತಿದ್ದರು. ಹೀಗೆ ನಾಲ್ಕು ತಿಂಗಳು ಕಳೆದವು. ಸೊಸೆ ಮಾತ್ರ ಒಂದು ದಿನವೂ ಮಾವ ಎಂದು ಕರೆಯುವುದನ್ನು ಬಿಡಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಅವಳು ಕಪಾಟಿನ ಮೇಲಿಂದ ಕ್ರಿಸ್ಮಸ್ ಮರದ ಪೆಟ್ಟಿಗೆ ಇಳಿಸಿದಳು. ಮಗಳು ಹುಟ್ಟಿದ ವರ್ಷ ತಂದಿದ್ದ ಪ್ಲಾಸ್ಟಿಕ್ ಮರ. ಹಸಿರು ಮಾಸಿ, ಎಸಳು ಉದುರಿ, ಅಲ್ಲಲ್ಲಿ ತಂತಿ ಇಣುಕುತ್ತಿತ್ತು. ಅಂಗಡಿಯ ಗಾಜಿನೊಳಗೆ ಹಿಮ ಹೊದ್ದ ಮರ ನೋಡಿದಾಗಿನಿಂದ ಮಗಳು ಅಂಥದ್ದೇ ಬೇಕು ಎಂದು ಜಪ ಹಿಡಿದಿದ್ದಳು. ಸೊಸೆ ಕೃತಕ ಹಿಮದ ಒಂದು ಚೀಲ ತಂದಿದ್ದಳು. ಕಾಗದದ ನಾರಿನ ಬಿಳಿ ಪುಡಿ, ಅದರಲ್ಲೇ ಅಂಟೂ ಬೆರೆತಿರುತ್ತದೆ. ಒದ್ದೆ ಕೊಂಬೆಯ ಮೇಲೆ ಉದುರಿಸಿದರೆ ಒಣಗಿ ಹಿಡಿದುಕೊಳ್ಳುತ್ತದೆ. ಮಗಳು ಅಜ್ಜಿಯ ಜೊತೆ ಅಜ್ಜಿಯ ತಂಗಿಯ ಮನೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಮುಗಿಸಿಬಿಡೋಣ ಎಂದು ಸೊಸೆ ನಡುಮನೆಯಲ್ಲಿ ಹಳೆಯ ಹೊದಿಕೆ ಹಾಸಿದಳು.

ಮಾಸ್ತರರು ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು, ಅಥವಾ ಓದುವವರಂತೆ ಹಿಡಿದಿದ್ದರು. ಪೇಪರಿನ ಅಂಚಿನಿಂದ ಎಲ್ಲ ಕಾಣುತ್ತಿತ್ತು. ತಪ್ಪುಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದರು. ಸೊಸೆ ಮರವನ್ನು ಒರೆಸಲಿಲ್ಲ. ಒಂದು. ನೀರು ಚಿಮುಕಿಸುವ ಬಾಟಲಿಯ ಮೂತಿಯನ್ನು ಕೊಂಬೆಗೆ ತಾಗಿಸಿ ಒತ್ತಿದಳು, ನೀರು ತೊಟತೊಟ ಸುರಿಯಿತು. ಎರಡು. ಪುಡಿಯನ್ನು ಮುಷ್ಟಿಯಲ್ಲಿ ತೆಗೆದು ಎಸೆದಳು, ಅದು ಹಿಟ್ಟಿನ ಮುದ್ದೆಯಾಗಿ ಕೊಂಬೆಯಿಂದ ಜಾರಿ ಹೊದಿಕೆಯ ಮೇಲೆ ಪಚಕ್ಕನೆ ಬಿತ್ತು. ಮೂರು. ಮಾಸ್ತರರ ಹಲ್ಲು ತಾವಾಗಿಯೇ ಕಚ್ಚಿಕೊಂಡವು. ಹೇಳೋಣವೆಂದರೆ ನಡುವೆ ಹೆಂಡತಿಯಿಲ್ಲ. ನೇರ ಹೇಳಿದರೆ ನಾಲ್ಕು ತಿಂಗಳ ವ್ರತ ನೀರುಪಾಲು. ಅವರು ಪುಟ ತಿರುವಿದರು.

ಆಗ ಸೊಸೆ, ನೀರು ಜಾಸ್ತಿಯಾಯಿತು, ಬೇಗ ಒಣಗಲಿ ಎಂದುಕೊಂಡು ಫ್ಯಾನಿನ ಸ್ವಿಚ್ಚು ಒತ್ತಿದಳು. ಪುಡಿಯ ಚೀಲ ಬಾಯಿ ತೆರೆದುಕೊಂಡು ಕೆಳಗೇ ಇತ್ತು.

ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೋಣೆ ಬೆಳ್ಳಗಾಯಿತು. ಟಿವಿ, ಪರದೆ, ಪೇಪರು, ಮಾಸ್ತರರ ಹುಬ್ಬು, ಮೀಸೆ, ಎಲ್ಲದರ ಮೇಲೂ ಹಿಮ, ಮರವೊಂದನ್ನು ಬಿಟ್ಟು. ಮಾಸ್ತರರು ಬಾಯಿ ತೆರೆದರು, ಉಸಿರಿನ ಬದಲು ಕೆಮ್ಮು ಬಂತು. ಒಂದರ ಮೇಲೊಂದು, ನಿಲ್ಲದ ಕೆಮ್ಮು. ಸೊಸೆ ಫ್ಯಾನು ಆರಿಸಿ, ಮಾವನ ರಟ್ಟೆ ಹಿಡಿದು ಬಾಲ್ಕನಿಗೆ ಕರೆದೊಯ್ದು ಕೂರಿಸಿದಳು. ಇನ್‌ಹೇಲರು ತಂದು ಬಾಯಿಗಿಟ್ಟಳು. "ನಿಧಾನ, ಮಾವ. ಒಳಗೆ ಎಳ್ಕೊಳ್ಳಿ. ಹಿಡ್ಕೊಳ್ಳಿ. ಈಗ ಬಿಡಿ." ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸಿದಳು. ಹತ್ತು ನಿಮಿಷದ ಮೇಲೆ ಎದೆಯ ಗೊರಗೊರ ತಗ್ಗಿತು.

"ಅಲ್ಲಾ," ಎಂದರು ಮಾಸ್ತರರು, ಉಸಿರು ಸಿಕ್ಕಿದ ಕೂಡಲೇ. "ಪುಡಿ ಕೆಲಸ ಮಾಡುವಾಗ ಯಾರಾದ್ರೂ ಫ್ಯಾನ್ ಹಾಕ್ತಾರಾ? ತಲೆ ಎಲ್ಲಿಟ್ಟಿದ್ದೆ?"

ಸೊಸೆ ನೆಲದ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. "ನಾಲ್ಕು ತಿಂಗಳಾದ್ಮೇಲೆ ಬೈಗುಳ ಆದ್ರೂ ಬಂತಲ್ಲ ಮಾವ."

ಆಡಿದ ಮಾತನ್ನು ಮಾಸ್ತರರು ವಾಪಸು ನುಂಗುವಂತಿರಲಿಲ್ಲ. ಎದ್ದು ನಿಂತು, "ಸರಿ, ಸರಿ. ಆ ಬಾಟಲಿ ಇಲ್ಲಿ ಕೊಡು. ನಾನೇ ಮಾಡ್ತೀನಿ" ಎಂದರು.

"ನೀವು ಒಳಗೆ ಬರೋ ಹಾಗಿಲ್ಲ."

"ಇದು ನನ್ನ ಮನೆ."

"ಮನೆ ನಿಮ್ದೇ. ಪುಡಿ ಇರೋ ತನಕ ಕೋಣೆ ನಂದು." ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ದನಿ ಏರಿಸಿರಲಿಲ್ಲ, ಜಾಗವನ್ನೂ ಬಿಟ್ಟಿರಲಿಲ್ಲ. ಮಾಸ್ತರರು ಅವಳನ್ನು ನೋಡಿದರು, ಗಾಜಿನ ಕಿಟಕಿಯಾಚೆ ಅಂದಗೆಟ್ಟು ನಿಂತ ಮರವನ್ನು ನೋಡಿದರು. ಹಾಗೆ ಬಿಡಲು ಮನಸ್ಸು ಬರಲಿಲ್ಲ. ಕೊನೆಗೆ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು, "ಬಾಗಿಲು ಹಾಕ್ಕೋ. ಮೂಗಿಗೆ ಮಾಸ್ಕ್ ಹಾಕು. ನಾನಿಲ್ಲಿಂದ ಹೇಳ್ತೀನಿ, ನೀನು ಮಾಡು" ಎಂದರು.

ಕಿಟಕಿಯ ಗಾಜು ಮುಚ್ಚಿದ್ದರಿಂದ ಕೂಗಿಯೇ ಹೇಳಬೇಕಿತ್ತು.

"ಮೊದಲು ಒರೆಸು!"

"ಏನನ್ನ?"

"ಮರಾನ. ವರ್ಷದ ಧೂಳಿದೆ. ಧೂಳಿನ ಮೇಲೆ ಏನೂ ಹಿಡಿಯಲ್ಲ. ಕಾರಾದ್ರೂ ಅಷ್ಟೇ, ಮರ ಆದ್ರೂ ಅಷ್ಟೇ."

ಒರೆಸಿದಳು. ಬಗ್ಗಿದ ಕೊಂಬೆಗಳನ್ನು ಒಂದೊಂದಾಗಿ ಬಿಡಿಸಿ ಅಗಲಿಸಿದಳು. ಆಮೇಲೆ ನೀರು. "ಒಂದು ಮೊಳ ದೂರ ಹಿಡಿ. ಹನಿ ಕಾಣಬಾರದು, ಮಂಜು ಕೂತ ಹಾಗೆ ಬರೀ ತೇವ. ತೋಳು ಬೀಸ್ಬೇಡ, ಮಣಿಕಟ್ಟು ಆಡಿಸು." ಮಾಸ್ತರರು ಖಾಲಿ ಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದರು. ಪುಡಿ ಉದುರಿಸಲು ಅಡುಗೆಮನೆಯ ಜರಡಿ ತರಿಸಿದರು. ತೇವ, ಪುಡಿ, ಮತ್ತೆ ತೇವ. ಒಂದೊಂದು ಕೊಂಬೆಗೂ ಹೀಗೆ.

ಎದುರು ಕಟ್ಟಡದ ಟೀಚರಮ್ಮ ಬಟ್ಟೆ ಒಣಹಾಕಲು ಬಂದವರು ಕೈಯಲ್ಲಿ ಕ್ಲಿಪ್ಪು ಹಿಡಿದು ನಿಂತೇಬಿಟ್ಟರು. "ಏನ್ರೀ, ಕಿಟಕಿ ಜೊತೆ ಯಾಕೆ ಜಗಳ ಆಡ್ತಿದ್ದೀರಿ?"

"ಕೆಲಸ ನಡೀತಿದೆ," ಎಂದರು ಮಾಸ್ತರರು, ತಿರುಗದೆಯೇ.

ಸ್ವಲ್ಪ ಹೊತ್ತಿಗೆ ಸೊಸೆ ಜರಡಿ ಹಿಡಿದು ನಿಂತಳು. "ಮಾವ, ಹಿಮ ಎಲ್ಲೆಲ್ಲಿ ಕೂರುತ್ತೆ? ನಾನಂತೂ ನೋಡಿಲ್ಲ."

"ನಾನೆಲ್ಲಿ ನೋಡಿದ್ದೀನಿ?" ಮಾಸ್ತರರು ಗಲ್ಲ ಕೆರೆದುಕೊಂಡರು. "ಕೋರ್ಟ್ ಕೇಸಿನ ಕಾರೊಂದು ಎರಡು ವರ್ಷ ನಮ್ಮ ಗ್ಯಾರೇಜ್ ಹಿಂದೆ ನಿಂತಿತ್ತು. ಧೂಳು ಎಲ್ಲಿ ಕೂತಿತ್ತು? ಬಾನೆಟ್ ಮೇಲೆ, ಟಾಪ್ ಮೇಲೆ, ಕನ್ನಡಿಯ ನೆತ್ತಿ ಮೇಲೆ. ಬಾಗಿಲಿಗೆ ಅಲ್ಪಸ್ವಲ್ಪ. ಹೊಟ್ಟೆ ಕೆಳಗೆ ಏನೂ ಇಲ್ಲ. ಹಿಮಾನೂ ಮೇಲಿಂದ ತಾನೆ ಬೀಳೋದು? ಹಾಗೇ ಹಾಕು. ತುದಿಗೆ ದಪ್ಪ, ಒಳಗೆ ತೆಳ್ಳಗೆ, ಅಡಿಗೆ ಹಸಿರು ಹಾಗೇ ಇರ್ಲಿ."

ಹಾಗೆಯೇ ಹಾಕಿದಳು. ಅರ್ಧ ಮರ ಮುಗಿಯುವ ಹೊತ್ತಿಗೆ ಮಾಸ್ತರರು ಕೂಗುವುದನ್ನು ನಿಲ್ಲಿಸಿದ್ದರು. ಹೇಳಬೇಕಾದ್ದೇ ಕಡಿಮೆಯಾಗಿತ್ತು. ಅವಳ ಮಣಿಕಟ್ಟು ತಾನಾಗಿಯೇ ಆಡುತ್ತಿತ್ತು, ಎಲ್ಲಿ ನಿಲ್ಲಿಸಬೇಕು ಎಂದು ತಿಳಿದ ಕೈಯಂತೆ. ಗ್ಯಾರೇಜಿನಲ್ಲಿ ಆರು ತಿಂಗಳು ಕಲಿತರೂ ಕೆಲವರಿಗೆ ಅದು ಬಂದಿರಲಿಲ್ಲ. ಹೇಳಿಬಿಡೋಣ ಎನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆಯೇ ಮಾತು.

"ನನ್ನತ್ರಾನೇ ಹೇಳ್ಬಹುದಿತ್ತು. ಮಾಲೀಕರ ಹತ್ರ ಯಾಕೆ ಹೋದೆ?"

ಸೊಸೆ ಜರಡಿ ಕೆಳಗಿಟ್ಟಳು. ಕಿಟಕಿಯ ಹತ್ತಿರ ಬಂದು ಮಾಸ್ಕನ್ನು ಗಲ್ಲಕ್ಕಿಳಿಸಿದಳು. "ಹೇಳಿದ್ರೆ ಕೇಳ್ತಿದ್ರಾ?"

ಮಾಸ್ತರರು ಪ್ರಾಮಾಣಿಕವಾಗಿ ಯೋಚಿಸಿದರು. "ಇಲ್ಲ."

"ನಮ್ಮಪ್ಪ ಕಲ್ಲು ಕೊರೆಯೋ ಕೆಲಸ ಮಾಡ್ತಿದ್ರು. ನಿಮ್ಗೆ ಗೊತ್ತಿಲ್ಲ, ನಾನು ಹೇಳಿಲ್ಲ. ಕೆಮ್ಮು ಶುರುವಾದಾಗ ಮನೇಲಿ ಎಲ್ರಿಗೂ ಗೊತ್ತಿತ್ತು. ಅಮ್ಮ ಹೇಳ್ಲಿಲ್ಲ, ದೊಡ್ಡಪ್ಪ ಹೇಳ್ಲಿಲ್ಲ, ಕೆಲಸದ ಜಾಗದವ್ರೂ ಹೇಳ್ಲಿಲ್ಲ. ಪಳಗಿದ ಕೈ, ಅವ್ರಿಗೆ ನಾವೇನು ಹೇಳೋದು ಅಂತ. ಎಲ್ರೂ ಮರ್ಯಾದೆ ಕೊಟ್ರು ಮಾವ. ಮರ್ಯಾದೆ ಕೊಟ್ಟು ಕೊಟ್ಟೇ ಕಳಿಸ್ಬಿಟ್ರು." ಅವಳು ಗಾಜಿನ ಮೇಲೆ ಕೂತಿದ್ದ ಪುಡಿಯನ್ನು ಬೆರಳಿಂದ ಒರೆಸಿದಳು. "ಆದ್ರೆ ಎಲ್ಲರ ಎದುರಿಗೆ ಆಗ್ಬಾರ್ದಿತ್ತು. ಅದು ನನ್ನ ತಪ್ಪು. ನಿಮ್ಮೊಬ್ಬರನ್ನೇ ಕರೆದು ಹೇಳಿ ಅಂತ ಮಾಲೀಕರಿಗೆ ಹೇಳ್ಬೇಕಿತ್ತು, ಹೊಳೀಲಿಲ್ಲ."

ಎಂಟು ವರ್ಷ ಒಂದೇ ಮನೆಯಲ್ಲಿದ್ದು, ಅವಳ ಅಪ್ಪ ಯಾವುದರಿಂದ ತೀರಿಕೊಂಡರು ಎಂದು ತಾವು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಮಾಸ್ತರರಿಗೆ ಆಗ ಹೊಳೆಯಿತು.

"ಎಷ್ಟು ವಯಸ್ಸಾಗಿತ್ತು?" ಎಂದರು.

"ನಲವತ್ತೊಂಬತ್ತು."

ಮಾಸ್ತರರು ಕುರ್ಚಿಯನ್ನು ಗಾಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಆಮೇಲೆ, "ಕೈ ಚೆನ್ನಾಗಿದೆ ನಿಂದು" ಎಂದರು. ಅವರ ಬಾಯಲ್ಲಿ ಆ ಮಾತನ್ನು ಗ್ಯಾರೇಜಿನಲ್ಲಿ ಯಾರೂ ಕೇಳಿರಲಿಲ್ಲ.

ಸಂಜೆ ಹೆಂಡತಿ ಮೊಮ್ಮಗಳ ಕೈ ಹಿಡಿದು ಬಂದಾಗ ಕೋಣೆ ಸ್ವಚ್ಛವಾಗಿತ್ತು. ಸೊಸೆ ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದ ಮೇಲೆಯೇ ಮಾವನಿಗೆ ಒಳಗೆ ಬರಲು ಅಪ್ಪಣೆ ಸಿಕ್ಕಿತ್ತು. ಮಾವ ಸೊಸೆ ಇಬ್ಬರೂ ಎದುರುಬದುರು ಕೂತು, ನೀರು ಇನ್ನೂ ಸ್ವಲ್ಪ ಕಡಿಮೆ ಇರಬೇಕಿತ್ತೇ ಎಂದು ಚರ್ಚೆ ಮಾಡುತ್ತಿದ್ದರು. ಹೆಂಡತಿ ಹೊಸ್ತಿಲಲ್ಲೇ ನಿಂತು ಇಬ್ಬರನ್ನೂ ನೋಡಿದರು. "ಅಂತೂ ನನಗೆ ಈ ಕೆಲಸದಿಂದ ನಿವೃತ್ತಿ ಸಿಕ್ತು" ಎಂದಷ್ಟೇ ಹೇಳಿ ಚೀಲ ಕೆಳಗಿಟ್ಟರು.

ಮರ ಒಣಗಲು ಎರಡು ದಿನ ಬೇಕು, ಮುಟ್ಟಬಾರದು ಎಂದು ಮಾಸ್ತರರು ಕಟ್ಟಪ್ಪಣೆ ಮಾಡಿದರು. ಮೊಮ್ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮರದ ಸುತ್ತ ನಡೆದು ನೋಡಿದಳು. ಗೋಡೆಯ ಕಡೆ ಹೋದವಳು ಅಲ್ಲಿಂದಲೇ ಕೇಳಿದಳು, "ತಾತ, ಈ ಕಡೆ ಯಾಕೆ ಹಿಮ ಬಿದ್ದಿಲ್ಲ?" ನೋಡಿದರೆ ಹೌದು. ಕಿಟಕಿಯಿಂದ ಮಾಸ್ತರರಿಗೆ ಕಂಡಷ್ಟು ಭಾಗ ಮುತ್ತಿನಂತಿತ್ತು. ಕಾಣದ ಭಾಗದಲ್ಲಿ ಹಳೆಯ ತಂತಿಗಳು ಹಾಗೆಯೇ ಇದ್ದವು. ಅತ್ತ ತಿರುಗಿಸಿ ಹಾಕಬೇಕೆಂಬುದು ಇಬ್ಬರಿಗೂ ಮರೆತುಹೋಗಿತ್ತು.

"ಗಾಳಿ ಕಿಟಕಿ ಕಡೆಯಿಂದ ಬೀಸ್ತು ಮಗೂ," ಎಂದರು ಮಾಸ್ತರರು. ಸೊಸೆ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಜನವರಿಯಲ್ಲಿ ಗ್ಯಾರೇಜಿನ ಮಾಲೀಕರು ಫೋನು ಮಾಡಿದರು. ಮಾಸ್ತರರ ಜಾಗಕ್ಕೆ ಬಂದವನ ಕೈಯಲ್ಲಿ ಬಣ್ಣ ಕಣ್ಣೀರಿನಂತೆ ಇಳಿಯುತ್ತಿತ್ತು, ಕಾರುಗಳು ವಾಪಸು ಬರುತ್ತಿದ್ದವು. ಮಾಸ್ತರರು ಆ ಕೂಡಲೇ ಉತ್ತರ ಕೊಡಲಿಲ್ಲ. ಸೊಸೆ ಕೆಲಸದಿಂದ ಬರುವವರೆಗೆ ಕಾದು, ಅವಳು ಚಪ್ಪಲಿ ಬಿಡುತ್ತಿರುವಾಗಲೇ ಕೇಳಿದರು. "ಹೊಸದಾಗಿ ಕಟ್ಟಿಸಿರೋ ಪೇಂಟಿಂಗ್ ಕೋಣೆಗೆ ಗಾಜಿದೆಯಂತೆ. ಹೊರಗೆ ಕೂತು ಹೇಳ್ಕೊಡಿ ಅಂತಿದ್ದಾರೆ. ಹೋಗ್ಲಾ?"

"ಗಾಜಿನ ಈಚೆ ತಾನೆ?"

"ಈಚೆ."

"ಮೊದಲು ನಾನು ನೋಡ್ತೀನಿ." ಭಾನುವಾರ ಹೋಗಿ ನೋಡಿದಳು. ಬಾಗಿಲ ಸಂದಿಯಲ್ಲಿ ಬೆರಳಾಡಿಸಿದಳು, ಹೊಗೆ ಹೊರಹಾಕುವ ಫ್ಯಾನು ಎತ್ತ ತಿರುಗಿದೆ ಎಂದು ಕೇಳಿದಳು. ಕುರ್ಚಿಯನ್ನು ಇನ್ನೂ ಆರು ಹೆಜ್ಜೆ ಹಿಂದೆ ಹಾಕಿಸಿದಳು. ಈ ಬಾರಿ ಮಾಲೀಕರನ್ನು ಒಂದು ಪಕ್ಕಕ್ಕೆ ಕರೆದು ಮಾತಾಡಿದಳು.

ಈಗ ವಾರಕ್ಕೆ ಮೂರು ದಿನ ಮಾಸ್ತರರು ಅಲ್ಲಿ ಕೂರುತ್ತಾರೆ, ಮುಖಕ್ಕೆ ಮಾಸ್ಕು ಹಾಕಿಕೊಂಡು. ಮೊದಲಾದರೆ ಗನ್ ಕಿತ್ತುಕೊಂಡು ತಾವೇ ಹೊಡೆದುಬಿಡುತ್ತಿದ್ದರು. ಈಗ ಬಾಯಿಬಿಟ್ಟು ಹೇಳಲೇಬೇಕು. ಹಾಗಾಗಿ ಕಲಿಯುವವರಿಗೆ ಬೇಗ ಬರುತ್ತಿದೆ, ಬೈಗುಳವೂ ಹೆಚ್ಚಾಗಿದೆ.

ಎದೆ ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಸಂಜೆ ಬಸ್ ಸ್ಟಾಪಿನಲ್ಲಿ ಸೊಸೆ ಸಿಗುತ್ತಾಳೆ. ಇಬ್ಬರೂ ಜೊತೆಯಲ್ಲಿ ಮನೆಗೆ ಮೂರು ಮಹಡಿ ಹತ್ತುತ್ತಾರೆ. ಎರಡನೆಯ ಮಹಡಿಗೆ ಬರುತ್ತಿದ್ದಂತೆ ಅವಳು ನಿಂತು, ಮನೆಯ ಕೀಲಿಗಾಗಿ ಕೈಚೀಲದಲ್ಲಿ ತಡಕಾಡತೊಡಗುತ್ತಾಳೆ. ಮಾವನ ಉಸಿರು ಹತೋಟಿಗೆ ಬರುವವರೆಗೆ ಕೀಲಿ ಸಿಗುವುದೇ ಇಲ್ಲ.