ಮದುವೆಯಿಲ್ಲದೆ ಮಗಳನ್ನು ಕರೆತಂದ ದಿನ

ಓದುಗರೆಲ್ಲರಿಗೂ ನಮಸ್ಕಾರ. ನಾನು ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಟೈಲರ್. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಂಬತ್ತರ ದಶಕದ ಆರಂಭ, ಮಾಘದ ಚಳಿ. ಅಜ್ಜಂಪುರದಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದೆ. ಹೊರಟಿದ್ದು ಮಗು ಕೇಳಲಿಕ್ಕೆ. ಪಂಚನಹಳ್ಳಿಯ ಲಾರಿ ಡ್ರೈವರ್ ರುದ್ರಣ್ಣ ನಮ್ಮ ದೂರದ ನೆಂಟ. ಅವನ ಹೆಂಡತಿ ತೀರಿಕೊಂಡಿದ್ದಳು. ಮೂರು ವರ್ಷದ ಮಗಳು ಕಮಲಳನ್ನು ಅವನ ತಂಗಿ ಗಿರಿಜಾ ನೋಡಿಕೊಳ್ಳುತ್ತಿದ್ದಳು. ಗಿರಿಜಾ ಗಂಡನ ಮನೆಗೆ ಹೋದರೆ ಮಗುವಿಗೆ ಯಾರೂ ಇಲ್ಲ ಎಂದು ಅವನು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದ. ನನಗೆ ಮೂವತ್ತೆಂಟು. ಮದುವೆ ಬೇಡವಾಗಿತ್ತು, ಮಗು ಬೇಕಾಗಿತ್ತು. ಮಗುವಿನ ವಿಷಯ ಮಾತಾಡಲು ಬರುತ್ತೇನೆಂದು ಕಾರ್ಡು ಹಾಕಿದ್ದೆ. ತರೀಕೆರೆ ಸಂತೆಯಲ್ಲಿ ಕೊಂಡ ಹೂವಿನ ಅಚ್ಚಿನ ಚೀಟಿ ಬಟ್ಟೆಯಲ್ಲಿ ಮಗುವಿಗೆ ಒಂದು ಲಂಗವನ್ನೂ ಹೊಲಿದಿದ್ದೆ.

ಕಡೂರಿನಲ್ಲಿ ಇಳಿದು ಇಡ್ಲಿ ತಿಂದು, ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಕಂಡೆ. "ಒಂಟಿ ಗಂಡಸು ಹೆಣ್ಣುಮಗು ದತ್ತು ತಗೋಬಹುದು ಕಣ್ರೀ. ಇಬ್ಬರಿಗೂ ಇಪ್ಪತ್ತೊಂದು ವರ್ಷನಾದ್ರೂ ಅಂತರ ಇರಬೇಕು. ಹೆತ್ತೋರು ಕೈಯಾರೆ ಎತ್ತಿ ಕೊಡಬೇಕು," ಎಂದರು. ಬರಿಗೈಲಿ ಹೋಗಬಾರದೆಂದು ತೆಂಗಿನಕಾಯಿ, ಬಾಳೆಹಣ್ಣು, ಎರಡು ಮಾರು ಹೂವು ಕೊಂಡೆ. ಪಂಚನಹಳ್ಳಿ ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತೇ ಹೋದೆ.

ರುದ್ರಣ್ಣನ ಮನೆಯಲ್ಲಿ ಜಮಖಾನ ಹಾಸಿತ್ತು. ಉಪ್ಪಿಟ್ಟು, ಕೇಸರಿಬಾತು ಬಂತು. ಹೊಸ ಸೀರೆ ಉಟ್ಟ ಗಿರಿಜಾ ತಲೆ ತಗ್ಗಿಸಿ ಕಾಫಿ ತಂದಿಟ್ಟಳು. ಆಗ ನನಗೆ ಗೊತ್ತಾಯಿತು. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಮಾಡುವ ಉಪಚಾರವಿದು. ನಾನು ತಂದ ಹೂವು ಹಣ್ಣು ನೋಡಿ, ಬಂದಿದ್ದು ಅದಕ್ಕೇ ಎಂದು ಅವರಿಗೆ ಖಾತ್ರಿಯೂ ಆಗಿತ್ತು.

"ತಲೆ ಪೂರ್ತಿ ಬೆಳ್ಳಗಾಗೋಕ್ ಮುಂಚೆ ಹೂಂ ಅನ್ನಪ್ಪಾ," ಎಂದಳು ಪಕ್ಕದ ಮನೆಯ ಅಜ್ಜಿ. ಹೆಂಗಸರು ನಕ್ಕರು.

ರುದ್ರಣ್ಣ ಹೇಳಿದ: "ಒಬ್ನೇ ಗಂಡಸು ಮಗು ಹೆಂಗ್ ಸಾಕ್ತಾನೆ? ಗಿರಿಜನ್ನೂ ಕೇಳೋಕೇ ಬತ್ತಾವ್ನೆ ಅಂದ್ಕೊಂಡೆ ಕಣೋ. ಕಟ್ಕೊ, ಮಗೂನೂ ಜತೇಲಿ ಬತ್ತದೆ. ಇಲ್ಲಾಂದ್ರೆ ಕೊಡಾಕಿಲ್ಲ."

ಕಮಲ ಬಾಗಿಲ ಹಿಂದಿನಿಂದ ನನ್ನನ್ನೇ ನೋಡುತ್ತಿತ್ತು. ಹೂಂ ಎಂದಿದ್ದರೆ ಮಗು ನನ್ನದಾಗುತ್ತಿತ್ತು. ಲೋಟ ಕೆಳಗಿಟ್ಟೆ.

"ಹೆಣ್ಣಿನ ಕಡೆ ನನ್ನ ಮನಸ್ಸು ಯಾವತ್ತೂ ಹೋಗಿಲ್ಲ ರುದ್ರಣ್ಣ. ಕಟ್ಕೊಂಡ್ರೆ ಇವ್ರಿಗೆ ಮೋಸ. ಮಗು ಆಸೆಗೆ ಮೋಸ ಮಾಡೋಕಾಗಲ್ಲ."

ಅಜ್ಜಿ ಎದ್ದು ಹೊರಗೆ ಹೋದಳು. ನಾನೂ ಚೀಲ ತೆಗೆದುಕೊಂಡು ಅಂಗಳಕ್ಕೆ ಇಳಿದೆ.

"ನಿಂತ್ಕೊಳ್ರೀ," ಎಂದಳು ಗಿರಿಜಾ. ಆಮೇಲೆ ಅಣ್ಣನ ಕಡೆ ತಿರುಗಿ, "ಹೋದ ವರ್ಷ ಬಂದಿದ್ದ ಗಂಡು ಕುಡಿಯೋದ್ನ ಮುಚ್ಚಿಟ್ಟು ಎರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡ. ಇವ್ರು ಇರೋದ್ನ ಹೇಳವ್ರೆ. ನಂಗೆ ಕೇಡು ಬಗೀದೇ ಇರೋರು ಮಗೂಗೆ ಬಗೀತಾರಾ?" ಎಂದಳು.

ರುದ್ರಣ್ಣ ಸೇದುತ್ತಿದ್ದ ಬೀಡಿ ಹೊಸಕಿ ನನ್ನ ಕಡೆ ತಿರುಗಿದ. "ಜ್ವರ ಬಂದ್ರೆ ಏನ್ಮಾಡ್ತೀಯಾ?"

"ಅಂಗಡಿ ಬಾಗಿಲು ಹಾಕ್ತೀನಿ."

ಅವನು ಕಮಲಳನ್ನು ಎತ್ತಿ ನನ್ನ ಕೈಗೆ ಕೊಟ್ಟ. ಸೋಮವಾರ ಕಡೂರಿಗೆ ಬಂದು ದತ್ತು ಪತ್ರಕ್ಕೆ ಸಹಿ ಹಾಕುತ್ತೇನೆಂದ. ಹಾಕಿದ ಕೂಡ.

ವಾಪಸು ಬಸ್ಸಿನಲ್ಲಿ ಮಗು ಅತ್ತು ಅತ್ತು ನನ್ನ ಪಂಚೆ ಮೇಲೆ ವಾಂತಿ ಮಾಡಿಕೊಂಡಿತು. ಪಕ್ಕದ ಹೆಂಗಸು, "ಅವರವ್ವನ ಕೈಗೆ ಕೊಡಪ್ಪಾ, ಗಂಡಸ್ರಿಗೆ ತಿಳಿಯಾಕಿಲ್ಲ," ಎಂದಳು.

"ಇರೋನು ನಾನೊಬ್ನೇ ಕಣಮ್ಮಾ."

ಅವಳು ನನ್ನನ್ನೊಮ್ಮೆ, ಮಗುವನ್ನೊಮ್ಮೆ ನೋಡಿದಳು. "ಈ ಕಡೆ ಬಾ ಹಂಗಾದ್ರೆ, ಮಗೂಗೆ ಗಾಳಿ ಆಡ್ಲಿ," ಎಂದು ಕಿಟಕಿ ಬಿಟ್ಟುಕೊಟ್ಟಳು.

ದೀಪ ಹಚ್ಚುವ ಹೊತ್ತಿಗೆ ಅಜ್ಜಂಪುರ ಮುಟ್ಟಿದೆವು. ನಿಮ್ಮಲ್ಲಿ ಒಂಟಿಯಾಗಿ ಮಗು ಸಾಕಿದವರಿದ್ದರೆ ಬರೆದು ತಿಳಿಸಿ. ಮೊದಲ ದಿನ ಏನು ಉಣ್ಣಿಸಿದಿರಿ? ನಾನು ಮಜ್ಜಿಗೆ ಅನ್ನ ಕಲೆಸಿದೆ. ಕಮಲ ಒಂದು ತುತ್ತು ತಿಂದು, ಉಪ್ಪು ಸಾಲದು ಎಂದಳು.